ಸರ್ವರ್-ಸ್ಟೋರೇಜ್ ನಡುವೆ ಬದಲಿ ದಾರಿ ಹೇಗಿರಬೇಕು? ಎನ್‌ಎಸ್‌ಇ ವಹಿವಾಟು ನಿಂತ ದಿನ ಹೇಳುವುದೇನು?

ಮುಂಬೈ: 2021ರ ಫೆಬ್ರವರಿ 24ರಂದು ಬೆಳಗ್ಗೆ 11.40ರ ಹೊತ್ತಿಗೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ (ಎನ್‌ಎಸ್‌ಇ) ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಅಂದು ಸಂಜೆ 5ರವರೆಗೂ ಮಾರುಕಟ್ಟೆ ತೆರೆದಿಡಬೇಕಾಯಿತು.

ಎನ್‌ಎಸ್‌ಇ ಬಳಿ ಎರಡು ಟೆಲಿಕಾಂ ಕಂಪನಿಗಳ ಸಂಪರ್ಕವಿತ್ತು. ಎರಡೂ ಕೈಕೊಟ್ಟವು. ರಸ್ತೆ ಅಗೆತ ಮತ್ತು ಕಾಮಗಾರಿಯಿಂದ ಹೀಗಾಯಿತು ಎಂದು ಸಂಸ್ಥೆ ನಂತರ ವಿವರಿಸಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಸಂಪರ್ಕ ಏರುಪೇರಾದಾಗ ಸ್ಟೋರೇಜ್ ವ್ಯವಸ್ಥೆ (ಸ್ಯಾನ್) ಸರ್ವರ್‌ಗಳಿಗೆ ಸಿಗದಂತಾಯಿತು. ಅದನ್ನೇ ನಂಬಿದ್ದ ರಿಸ್ಕ್ ನಿರ್ವಹಣೆ, ಕ್ಲಿಯರಿಂಗ್ ವ್ಯವಸ್ಥೆಗಳು ನಿಂತವು. ರಿಸ್ಕ್ ಲೆಕ್ಕವಿಲ್ಲದೆ ವಹಿವಾಟು ನಡೆಸುವಂತಿಲ್ಲ.

ಮರು ತಿಂಗಳೇ ಸೆಬಿ ನಿಯಮ ಬಿಗಿ ಮಾಡಿ, ಇಂಥ ಸಂಸ್ಥೆಗಳು ಅವಘಡ ಘೋಷಿಸಿದ 45 ನಿಮಿಷದೊಳಗೆ ಮುಖ್ಯ ವ್ಯವಸ್ಥೆಗಳನ್ನು ಮತ್ತೆ ನಡೆಸಬೇಕೆಂದಿತು. ಈ ಪ್ರಕರಣ ಇತ್ಯರ್ಥಕ್ಕೆ ಎನ್‌ಎಸ್‌ಇ ಮತ್ತು ಅದರ ಕ್ಲಿಯರಿಂಗ್ ಸಂಸ್ಥೆ 2023ರಲ್ಲಿ ಒಟ್ಟು 72 ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದವು.

ಹಾಗಾಗಿ ಎರಡು ಕಂಪನಿಗಳ ಬಿಲ್ ಬರುತ್ತಿದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಎರಡೂ ಕೇಬಲ್ ಒಂದೇ ರಸ್ತೆಯಲ್ಲಿ ಹೋಗುತ್ತಿವೆಯೇ ಎಂದು ನಕ್ಷೆ ಕೇಳಿ ನೋಡಬೇಕು. ಮುಂಬೈಯಲ್ಲಂತೂ ರಸ್ತೆ ಅಗೆಯದ ತಿಂಗಳು ಸಿಗುವುದೇ ಅಪರೂಪ!

ಡೇಟಾ ಸೆಂಟರ್ ಕೋಣೆಯೊಳಗೂ ಲೆಕ್ಕ ಇದೇ. ಸರ್ವರ್‌ಗೆ ಎರಡು ಎಚ್‌ಬಿಎ ಕಾರ್ಡ್, ನಡುವೆ ಎರಡು ಸ್ವಿಚ್, ಸ್ಟೋರೇಜ್‌ನಲ್ಲಿ ಎರಡು ಕಂಟ್ರೋಲರ್ ಬೇಕು. ಒಂದೊಂದು ಕಾರ್ಡ್ ಒಂದೊಂದು ಸ್ವಿಚ್‌ಗೆ, ಪ್ರತಿ ಸ್ವಿಚ್‌ನಿಂದ ಎರಡೂ ಕಂಟ್ರೋಲರ್‌ಗಳಿಗೆ ಕೇಬಲ್ ಹೋದರೆ ನಾಲ್ಕು ದಾರಿ ಸಿಗುತ್ತವೆ. ಸ್ವಿಚ್‌ಗಳನ್ನು ಪರಸ್ಪರ ಜೋಡಿಸಬಾರದು. ಜೋಡಿಸಿದರೆ ಒಂದರ ಸೆಟ್ಟಿಂಗ್‌ನಲ್ಲಾದ ತಪ್ಪು ಇನ್ನೊಂದಕ್ಕೂ ಹರಡಬಹುದು. ದುಡ್ಡು ಉಳಿಸಲು ಎರಡು ಪೋರ್ಟ್‌ಗಳ ಒಂದೇ ಕಾರ್ಡ್ ಹಾಕುವವರಿದ್ದಾರೆ. ಕಾರ್ಡ್ ಸುಟ್ಟರೆ ಎರಡೂ ಪೋರ್ಟ್ ಹೋಗುತ್ತವೆ. ಎರಡೂ ಸ್ವಿಚ್ ಒಂದೇ ಯುಪಿಎಸ್ ಮೇಲಿದ್ದರೂ ಕಥೆ ಅದೇ.

ಮಲ್ಟಿಪಾತ್ ಸಾಫ್ಟ್‌ವೇರ್ ಇಲ್ಲದಿದ್ದರೆ ಸರ್ವರ್‌ಗೆ ಒಂದೇ ಡಿಸ್ಕ್ ನಾಲ್ಕಾಗಿ ಕಾಣುತ್ತದೆ. ಇನ್ನು ಹೊರೆಯ ವಿಷಯ: ಎರಡೂ ಬದಿ ಶೇ 70ರಷ್ಟು ತುಂಬಿದ್ದರೆ, ಒಂದು ಬದಿ ಬಿದ್ದಾಗ ಉಳಿದದ್ದರ ಮೇಲೆ ಶೇ 140ರ ಹೊರೆ ಬೀಳುತ್ತದೆ. ಶೇ 50ರೊಳಗಿದ್ದರಷ್ಟೇ ಸುರಕ್ಷಿತ.

ಒಂದು ದಾರಿ ಸತ್ತರೂ ಕೆಲಸ ನಡೆಯುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಎಚ್ಚರಿಕೆ ಸಂದೇಶ ಬರುವಂತೆ ಮಾಡಿಡಬೇಕು. ರಜಾದಿನ ಗೊತ್ತುಮಾಡಿ ಕೇಬಲ್ ಒಂದನ್ನು ಎಳೆದು, ನಂತರ ಸ್ವಿಚ್ ಒಂದನ್ನು ಪೂರ್ತಿ ಆರಿಸಿ, ಸರ್ವರ್ ಎಷ್ಟು ಸೆಕೆಂಡ್ ತಡವರಿಸಿತೆಂದು ಬರೆದಿಡಬೇಕು.