ಬ್ರಿಟಿಷರ ಹಳಿ, ಚೀನಾದ ಸಾಲ: ಕೀನ್ಯಾದ ಎರಡು ರೈಲು ಮಾರ್ಗಗಳ ಕಥೆ

ಹಿಂದೂ ಮಹಾಸಾಗರದ ಬಂದರು ನಗರ ಮೊಂಬಾಸಾ ಮತ್ತು ಕೀನ್ಯಾದ ರಾಜಧಾನಿ ನೈರೋಬಿ ನಡುವೆ ಎರಡು ರೈಲು ಮಾರ್ಗಗಳಿವೆ. ಒಂದು 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಹಾಕಿದ್ದು. ಇನ್ನೊಂದು ಚೀನಾದ ಸಾಲದಿಂದ ನಿರ್ಮಾಣವಾಗಿ 2017ರಲ್ಲಿ ಉದ್ಘಾಟನೆಗೊಂಡಿದ್ದು. ಆಫ್ರಿಕಾದಲ್ಲಿ ಚೀನಾ ಹೂಡುತ್ತಿರುವ ಹಣ 'ಹೊಸ ವಸಾಹತುಶಾಹಿ'ಯೇ ಎಂಬ ಚರ್ಚೆಯಲ್ಲಿ ಈ ಎರಡರ ಹೋಲಿಕೆ ಮತ್ತೆ ಮತ್ತೆ ಬರುತ್ತದೆ. ಹೋಲಿಕೆ ಎಷ್ಟು ನಿಜ?

ಮೊದಲ ಹಳಿ

'ಉಗಾಂಡಾ ರೈಲ್ವೆ' ಕಾಮಗಾರಿ 1896ರಲ್ಲಿ ಮೊಂಬಾಸಾದಲ್ಲಿ ಆರಂಭವಾಯಿತು. ಹಳಿ 1899ರಲ್ಲಿ ನೈರೋಬಿಯನ್ನೂ, 1901ರಲ್ಲಿ ವಿಕ್ಟೋರಿಯಾ ಸರೋವರದ ದಡವನ್ನೂ ಮುಟ್ಟಿತು. ಇದಕ್ಕಾಗಿ ಭಾರತದಿಂದ, ಹೆಚ್ಚಾಗಿ ಪಂಜಾಬ್‌ನಿಂದ, ಸುಮಾರು 32,000 ಕಾರ್ಮಿಕರನ್ನು ಕರೆದೊಯ್ಯಲಾಯಿತು. ಅವರಲ್ಲಿ ಸುಮಾರು 2,500 ಮಂದಿ ಅಲ್ಲೇ ಪ್ರಾಣ ಬಿಟ್ಟರು.

ವೆಚ್ಚ ಭರಿಸಿದ್ದು ಬ್ರಿಟನ್ ಖಜಾನೆ. ಆದರೆ ರೈಲು ಲಾಭ ತರಬೇಕೆಂದು ಎತ್ತರದ ಫಲವತ್ತಾದ ಭೂಮಿಯನ್ನು ಸ್ಥಳೀಯರಿಂದ ಕಿತ್ತು ಬಿಳಿಯ ವಲಸಿಗರಿಗೆ ಹಂಚಲಾಯಿತು. ಹಳಿಯನ್ನು ವಿರೋಧಿಸಿ ಹೋರಾಡಿದ ನಂದಿ ಸಮುದಾಯದ ನಾಯಕ ಕೊಯ್ತಾಲೆಲ್ ಅರಪ್ ಸಮೊಯಿ 1905ರಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದರು.

ಎರಡನೇ ಹಳಿ

ಹೊಸ ಸ್ಟ್ಯಾಂಡರ್ಡ್ ಗೇಜ್ ಮಾರ್ಗವನ್ನು ನಿರ್ಮಿಸಿದ್ದು ಚೀನಾ ರೋಡ್ ಆ್ಯಂಡ್ ಬ್ರಿಡ್ಜ್ ಕಾರ್ಪೊರೇಷನ್. ವೆಚ್ಚ ಸುಮಾರು 360 ಕೋಟಿ ಡಾಲರ್. ಅದರ ಸುಮಾರು ಶೇ. 90ರಷ್ಟು ಚೀನಾದ ಎಕ್ಸಿಮ್ ಬ್ಯಾಂಕ್ ಕೊಟ್ಟ ಸಾಲ. ಪ್ರಯಾಣಿಕರ ರೈಲಿಗೆ 'ಮದರಾಕಾ ಎಕ್ಸ್‌ಪ್ರೆಸ್' ಎಂದು ಹೆಸರಿಡಲಾಯಿತು. ಕೀನ್ಯಾಕ್ಕೆ 1963ರಲ್ಲಿ ಸ್ವಯಂ ಆಡಳಿತ ಸಿಕ್ಕ ದಿನವನ್ನು ನೆನಪಿಸುವ ಹೆಸರಿದು.

ಮಾರ್ಗ 2019ರಲ್ಲಿ ನೈವಾಶಾವರೆಗೆ ವಿಸ್ತರಣೆಯಾಯಿತು. ಉಗಾಂಡಾ ಗಡಿಯವರೆಗೆ ಒಯ್ಯುವ ಯೋಜನೆಗೆ ಆಗ ಚೀನಾದಿಂದ ಸಾಲ ಸಿಗದೆ ಹಳಿ ಅಲ್ಲಿಗೇ ನಿಂತಿತು. ಸಾಲ ತೀರಿಸಲು ನೆರವಾಗಲೆಂದು ಆಮದು ಸರಕುಗಳ ಮೇಲೆ ರೈಲ್ವೆ ಸುಂಕ ಹಾಕಲಾಗಿದೆ. ಬಂದರಿನ ಕಂಟೇನರ್‌ಗಳನ್ನು ರೈಲಿನಲ್ಲೇ ಸಾಗಿಸಬೇಕೆಂಬ ಸರ್ಕಾರದ ಆದೇಶದಿಂದ ಮೊಂಬಾಸಾದ ಲಾರಿ ಉದ್ಯಮಕ್ಕೆ ಪೆಟ್ಟು ಬಿದ್ದು ಪ್ರತಿಭಟನೆಗಳು ನಡೆದವು. 2022ರಲ್ಲಿ ಆ ಆದೇಶ ರದ್ದಾಯಿತು.

ಒಪ್ಪಂದದಲ್ಲಿ ಏನಿತ್ತು?

ಸಾಲದ ಷರತ್ತುಗಳು ವರ್ಷಗಟ್ಟಲೆ ಗುಟ್ಟಾಗಿಯೇ ಇದ್ದವು. ಸಾಲ ತೀರದಿದ್ದರೆ ಮೊಂಬಾಸಾ ಬಂದರೇ ಕೈತಪ್ಪುತ್ತದೆ ಎಂಬ ಆತಂಕ ಹಬ್ಬಿದಾಗ ಎರಡೂ ಸರ್ಕಾರಗಳು ಅದನ್ನು ಅಲ್ಲಗಳೆದವು. ಅಧ್ಯಕ್ಷ ವಿಲಿಯಂ ರುಟೊ ಸರ್ಕಾರ 2022ರ ನವೆಂಬರ್‌ನಲ್ಲಿ ಒಪ್ಪಂದದ ಕೆಲವು ದಾಖಲೆಗಳನ್ನು ಬಹಿರಂಗಪಡಿಸಿತು. ಅವುಗಳ ಪ್ರಕಾರ ಒಪ್ಪಂದಕ್ಕೆ ಅನ್ವಯಿಸುವುದು ಚೀನಾದ ಕಾನೂನು, ವಿವಾದ ಇತ್ಯರ್ಥವಾಗಬೇಕಾದ್ದು ಬೀಜಿಂಗ್‌ನಲ್ಲಿ. ಬೇಕಾದ ಸಾಮಗ್ರಿಗಳನ್ನು ಕೊಳ್ಳುವಾಗ ಚೀನಾಕ್ಕೇ ಆದ್ಯತೆ. ಷರತ್ತುಗಳನ್ನು ಹೊರಗೆಡಹುವಂತಿಲ್ಲ ಎಂಬುದೂ ಒಂದು ಷರತ್ತಾಗಿತ್ತು.

ಹೋಲಿಕೆ ಎಲ್ಲಿ, ವ್ಯತ್ಯಾಸ ಎಲ್ಲಿ?

ಎರಡೂ ಹಳಿಗಳು ಬಂದರಿನಿಂದ ಒಳನಾಡಿಗೆ ಸಾಗುತ್ತವೆ. ಎರಡರ ನಿರ್ಧಾರದಲ್ಲೂ ಸ್ಥಳೀಯ ಜನರ ಮಾತಿಗೆ ಹೆಚ್ಚು ಜಾಗವಿರಲಿಲ್ಲ. ಆದರೆ ಎರಡನೆಯದಕ್ಕೆ ಯಾರೂ ಬಂದೂಕು ಹಿಡಿದು ಸಹಿ ಹಾಕಿಸಲಿಲ್ಲ. ಸಹಿ ಹಾಕಿದ್ದು ಕೀನ್ಯಾದ್ದೇ ಚುನಾಯಿತ ಸರ್ಕಾರ. ಹಳಿಯ ಒಡೆತನವೂ ಕೀನ್ಯಾದ್ದೇ. ದೇಶದ ವಿದೇಶಿ ಸಾಲದಲ್ಲಿ ವಿಶ್ವಬ್ಯಾಂಕ್‌ನ ಪಾಲು ಚೀನಾದ ಪಾಲಿಗಿಂತ ದೊಡ್ಡದು ಎಂಬುದನ್ನೂ ಮರೆಯುವಂತಿಲ್ಲ.

ಹಾಗಾಗಿ ಕೀನ್ಯಾದಲ್ಲಿ ಎದ್ದ ಪ್ರಶ್ನೆ ಬೀಜಿಂಗ್‌ಗೆ ಮಾತ್ರ ಕೇಳಿದ್ದಲ್ಲ, ನೈರೋಬಿಗೂ ಕೇಳಿದ್ದು: ಸಾಲ ತೀರಿಸಬೇಕಾದ ಜನರಿಗೆ ಅದರ ಷರತ್ತುಗಳನ್ನು ಸಹಿ ಹಾಕುವ ಮೊದಲೇ ಏಕೆ ತೋರಿಸಲಿಲ್ಲ? ಬ್ರಿಟಿಷ್ ಆಳ್ವಿಕೆಯಲ್ಲಿ ಕೀನ್ಯಾದ ಜನರಿಗೆ ಹೀಗೆ ಕೇಳುವ ಹಕ್ಕಿರಲಿಲ್ಲ. ಈಗ ಇದೆ. ಆ ಹಕ್ಕಿನ ಒತ್ತಡದಿಂದಲೇ ಕೆಲವು ಪುಟಗಳಾದರೂ ಹೊರಬಂದವು, ಆದರೆ ಅಷ್ಟರಲ್ಲಿ ರೈಲು ಓಡಲು ಶುರುವಾಗಿ ಐದು ವರ್ಷ ಕಳೆದಿತ್ತು.