ಮದರಾಸು ಕಂಡ ಹಳೆಯ ನಾಳೆಗಳು

ಭವಿಷ್ಯಕ್ಕೂ ವಯಸ್ಸಾಗುತ್ತದೆ. ಒಂದು ತಲೆಮಾರು ಕಲ್ಪಿಸಿಕೊಂಡ ನಾಳೆ ಮತ್ತೊಂದು ತಲೆಮಾರಿಗೆ ನಿನ್ನೆಯಾಗಿ ತೋರುತ್ತದೆ. 1979ರ ‘ಏಲಿಯನ್’ ಚಿತ್ರದ ಅಂತರಿಕ್ಷ ನೌಕೆಯಲ್ಲಿ ಗಾಜಿನ ಪಿಕ್ಚರ್ ಟ್ಯೂಬಿನ ಮೇಲೆ ಹಸಿರು ಅಕ್ಷರಗಳು ಮೂಡುತ್ತವೆ, ದಪ್ಪ ಗುಂಡಿಗಳನ್ನು ಬೆರಳಿನಿಂದ ಅದುಮಬೇಕಾಗುತ್ತದೆ. ಅದನ್ನು ತಯಾರಿಸಿದವರಿಗೆ ಅವೆಲ್ಲ ಅಂದಿನ ಸಾಮಾನ್ಯ ಉಪಕರಣಗಳಾಗಿದ್ದವು. ಇಂದಿನ ನಿರ್ದೇಶಕರು ಅಂಥವನ್ನೇ ಹುಡುಕಿ ತಂದು ತಮ್ಮ ವೈಜ್ಞಾನಿಕ ಚಿತ್ರಗಳಲ್ಲಿ ಇರಿಸುತ್ತಿದ್ದಾರೆ. ಈ ಮೋಹವನ್ನು ನಾವು ಹಾಲಿವುಡ್ಡಿನ ಸೊತ್ತೆಂದು ತಿಳಿಯಬೇಕಾಗಿಲ್ಲ. ಬಹುಕಾಲ ಕನ್ನಡ ಚಿತ್ರಗಳಿಗೂ ತವರಾಗಿದ್ದ ಮದರಾಸಿನಲ್ಲಿ ಇದಕ್ಕೆ ತನ್ನದೇ ಆದ ಚರಿತ್ರೆಯಿದೆ.

ಆ ಚರಿತ್ರೆಯನ್ನು 1957ರಿಂದ ಆರಂಭಿಸಬಹುದು. ವಿಜಯಾ ಸಂಸ್ಥೆಗಾಗಿ ಕೆ.ವಿ. ರೆಡ್ಡಿಯವರು ತೆಲುಗು ಮತ್ತು ತಮಿಳಿನಲ್ಲಿ ನಿರ್ದೇಶಿಸಿದ ‘ಮಾಯಾಬಜಾರ್’ ಪೌರಾಣಿಕ ಚಿತ್ರ. ಆದರೆ ಅದರಲ್ಲಿ ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆಯೊಂದಿದೆ. ಮುಚ್ಚಳ ತೆರೆದು ನೋಡಿದವರಿಗೆ ಅವರವರ ಮನಸ್ಸಿಗೆ ಪ್ರಿಯವಾದದ್ದು ಅದರೊಳಗೆ ಕಾಣಿಸುತ್ತದೆ. ಶಶಿರೇಖೆಗೆ ದೂರದಲ್ಲಿರುವ ಅಭಿಮನ್ಯು ಕಂಡರೆ, ಕೃಷ್ಣನಿಗೆ ಕಾಣುವವನು ಶಕುನಿ! ದೇಶದಲ್ಲಿ ದೂರದರ್ಶನದ ಪ್ರಸಾರ ಮೊದಲಾದದ್ದು 1959ರಲ್ಲಿ, ಅದೂ ದೆಹಲಿಯಲ್ಲಿ. ಮದರಾಸಿಗೆ ಅದು ಬಂದದ್ದು 1975ರಲ್ಲಿ. ಟೆಲಿವಿಷನ್ನಿನ ಮುಖವನ್ನೇ ನೋಡದ ಪ್ರೇಕ್ಷಕರು ಈ ಪೆಟ್ಟಿಗೆಯನ್ನು ಪುರಾಣದ ಪವಾಡವೆಂದು ನೋಡಿ ನಲಿದರು. ಇಂದಿನ ಮಕ್ಕಳು ಅದನ್ನು ಕಂಡೊಡನೆ ಲ್ಯಾಪ್‌ಟಾಪ್ ಎಂದು ಗುರುತಿಸುತ್ತಾರೆ. ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾ ಮತ್ತು ಸ್ಟುಡಿಯೋದ ಕುಶಲಕರ್ಮಿಗಳ ಕೈಚಳಕ ಸೇರಿ ಹುಟ್ಟಿದ ಈ ಯಂತ್ರದಲ್ಲಿ ಪುರಾಣವೂ ಭವಿಷ್ಯವೂ ಒಂದೇ ಮುಚ್ಚಳದ ಕೆಳಗಿದ್ದವು.

ಆರು ವರ್ಷಗಳ ತರುವಾಯ, 1963ರಲ್ಲಿ, ಎ. ಕಾಶಿಲಿಂಗಂ ನಿರ್ದೇಶನದ ತಮಿಳು ಚಿತ್ರ ‘ಕಲೈ ಅರಸಿ’ ತೆರೆಕಂಡಿತು. ಸಂಗೀತವನ್ನು ಅರಿಯದ ಅನ್ಯಗ್ರಹದವರು ಭೂಮಿಗಿಳಿದು, ಭಾನುಮತಿಯವರು ಅಭಿನಯಿಸಿದ ಗಾಯಕಿಯನ್ನು ಹೊತ್ತೊಯ್ಯುತ್ತಾರೆ. ಅವಳನ್ನು ಮರಳಿ ಪಡೆಯಲು ಎಂ.ಜಿ. ರಾಮಚಂದ್ರನ್ ಆಕಾಶಯಾನ ಮಾಡಬೇಕಾಗುತ್ತದೆ. ಗಗಾರಿನ್ ಅಂತರಿಕ್ಷಕ್ಕೆ ಹೋಗಿ ಬಂದು ಆಗಷ್ಟೇ ಎರಡು ವರ್ಷಗಳಾಗಿದ್ದವು. ತುಂಬಾದಿಂದ ಭಾರತದ ನೆಲದ ಮೊದಲ ರಾಕೆಟ್ ಹಾರಿದ್ದೂ ಅದೇ 1963ರ ನವೆಂಬರಿನಲ್ಲಿ. ನಮ್ಮ ವಿಜ್ಞಾನ ಮತ್ತು ನಮ್ಮ ಸಿನಿಮಾ ಒಂದೇ ವರ್ಷ ಆಕಾಶದತ್ತ ಮುಖ ಮಾಡಿದ್ದವು.

‘ಮಾಯಾಬಜಾರ್’ ತಯಾರಾಗುವಾಗ ಕೆ.ವಿ. ರೆಡ್ಡಿಯವರ ಕೈಕೆಳಗೆ ದುಡಿಯುತ್ತಿದ್ದ ತರುಣರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಒಬ್ಬರು. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಚಿತ್ರಗಳ ನಿರ್ದೇಶಕರಾಗಿ ಕನ್ನಡಿಗರಿಗೆ ಅವರು ಮನೆಯವರೇ. ಅವರು 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ಮಾಡಿದರು. ಎಚ್.ಜಿ. ವೆಲ್ಸ್ 1895ರಲ್ಲಿ ಕಾದಂಬರಿಯೊಂದರಲ್ಲಿ ಕಲ್ಪಿಸಿದ ಕಾಲಯಂತ್ರ ಇಲ್ಲಿ ಶ್ರೀಕೃಷ್ಣದೇವರಾಯನ ವಿಜಯನಗರಕ್ಕೆ ಬಂದಿಳಿಯುತ್ತದೆ. ಬಳಿಕ 2504ನೆಯ ಇಸವಿಗೆ ನೆಗೆಯುತ್ತದೆ. ಅಲ್ಲಿ ವಿಕಿರಣಕ್ಕೆ ಅಂಜಿ ಮನುಷ್ಯರು ನೆಲದಡಿಯಲ್ಲಿ ವಾಸವಾಗಿದ್ದಾರೆ. ಒಂದೇ ಯಂತ್ರ ಹಂಪೆಯ ವೈಭವವನ್ನೂ ಮನುಕುಲದ ಅಧೋಗತಿಯನ್ನೂ ತೋರಿಸಿಬಿಡುತ್ತದೆ. ಗುರುವಿನ ಪ್ರಿಯದರ್ಶಿನಿ ದೂರದ ಊರನ್ನು ತೋರಿತ್ತು, ಶಿಷ್ಯನ ಯಂತ್ರ ದೂರದ ಕಾಲವನ್ನು ತೋರಿತು.

ಈ ಎಲ್ಲ ಚಿತ್ರಗಳೂ ತಮ್ಮ ಕಾಲಕ್ಕೆ ಹೊಸದೆನಿಸಿದ್ದನ್ನೇ ಕಟ್ಟಿದವು. ಬುದ್ಧಿಪೂರ್ವಕವಾಗಿ ಹಳತನ್ನು ಆರಿಸಿಕೊಂಡದ್ದು 2023ರ ತಮಿಳು ಚಿತ್ರ ‘ಮಾರ್ಕ್ ಆಂಟನಿ’. ಆದಿಕ್ ರವಿಚಂದ್ರನ್ ನಿರ್ದೇಶನದ ಈ ಚಿತ್ರದಲ್ಲಿ ಕಾಲಯಂತ್ರವೆಂದರೆ ಒಂದು ಟೆಲಿಫೋನು. 1975ರಲ್ಲಿ ವಿಜ್ಞಾನಿಯೊಬ್ಬ ರೂಪಿಸಿದ ಆ ಫೋನು 1995ರಲ್ಲಿ ಮೆಕ್ಯಾನಿಕ್ ಒಬ್ಬನ ಕೈಸೇರುತ್ತದೆ. ಅದರಿಂದ ಗತಕಾಲಕ್ಕೆ ಕರೆ ಮಾಡಬಹುದು. ಈ ಇಸವಿಗಳು ಅರ್ಥಪೂರ್ಣವಾಗಿವೆ: 1975ರಲ್ಲಿ ಮದರಾಸಿಗೆ ಟೆಲಿವಿಷನ್ ಬಂತು, 1995ರಲ್ಲಿ ದೇಶದ ಮೊದಲ ಮೊಬೈಲ್ ಕರೆ ನಡೆಯಿತು. ಹಗ್ಗದಂತಹ ತಂತಿಯ ಫೋನಿನ ಯುಗ ಮುಗಿಯಲಾರಂಭಿಸಿದ ಹೊತ್ತಿನಲ್ಲಿಯೇ ಕಥೆ ನಡೆಯುತ್ತದೆ.

ಇಂಥ ಯಂತ್ರಗಳು ನಮ್ಮನ್ನು ಏಕೆ ಸೆಳೆಯುತ್ತವೆ? ಹಳೆಯ ಡಯಲಿನ ಫೋನನ್ನು ನೆನೆಯೋಣ. ಬೆರಳಿಟ್ಟು ತಿರುಗಿಸಿ ಬಿಟ್ಟರೆ ಸ್ಪ್ರಿಂಗಿನ ಬಲದಿಂದ ಡಯಲು ಹಿಂದಿರುಗುತ್ತದೆ. ಹಿಂದಿರುಗುವಾಗ ಅಂಕಿ ಏಳಾಗಿದ್ದರೆ ಏಳು ಬಾರಿ, ಸೊನ್ನೆಯಾಗಿದ್ದರೆ ಹತ್ತು ಬಾರಿ ವಿದ್ಯುತ್ ಪ್ರವಾಹವನ್ನು ಕಡಿಯುತ್ತದೆ. ಅಷ್ಟೇ ಮೆಟ್ಟಿಲುಗಳನ್ನು ಎಕ್ಸ್‌ಚೇಂಜಿನ ಸ್ವಿಚ್ಚು ಏರುತ್ತದೆ. ಬೆರಳಿನ ಚಲನೆ, ಕಿವಿಗೆ ಬೀಳುವ ಟಿಕ್ ಟಿಕ್ ಸದ್ದು, ದೂರದ ಲೋಹದ ತೋಳಿನ ಚಲನೆ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಕಾರ್ಯ ಮತ್ತು ಕಾರಣಗಳ ನಡುವಣ ಸಂಬಂಧ ಇಂದ್ರಿಯಗಳಿಗೆ ಗೋಚರಿಸುತ್ತದೆ. ಇಂದಿನ ನಯವಾದ ಗಾಜಿನ ಪರದೆ ಇದಾವುದನ್ನೂ ತೋರಗೊಡದು. ಸಿನಿಮಾಕ್ಕಂತೂ ಈ ಗೋಚರತೆಯೇ ಜೀವಾಳ. ಡಯಲು ಹಿಂದಿರುಗುವ ಆ ಎರಡು ಕ್ಷಣಗಳಲ್ಲಿ ಪಾತ್ರದ ಮುಖ ನೋಡಬಹುದು, ಮನಸ್ಸು ಬದಲಾಗಬಹುದು. ಸತ್ತ ತಂದೆಯ ಕಾಲಕ್ಕೆ ಕರೆ ಮಾಡುವವನಿಗೆ ಅಷ್ಟಾದರೂ ವಿಳಂಬ ಬೇಡವೇ?

ಆದರೂ ಒಂದು ಎಚ್ಚರ ಅಗತ್ಯ. ಪಶ್ಚಿಮದ ಪ್ರೇಕ್ಷಕನಿಗೆ ಇಂಥ ಯಂತ್ರ ಬಾಲ್ಯದ ಮನೆಯ ನೆನಪು. ನಮ್ಮಲ್ಲಿ ಬಹುಪಾಲು ಜನರಿಗೆ ಅದು ಪರರ ಮನೆಯ ವಸ್ತು. ಬೆಂಗಳೂರಿನ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆ 1948ರಲ್ಲಿಯೇ ಸ್ಥಾಪನೆಯಾಗಿ ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟಿತು. ಆದರೂ ಅರ್ಜಿ ಹಾಕಿದವರು ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾದರು. ಹಾಗಾಗಿ ನಮ್ಮ ಹಂಬಲದಲ್ಲಿ ಕಳೆದುಕೊಂಡದ್ದರ ದುಃಖಕ್ಕಿಂತ ಎಂದೂ ಕೈಗೆಟುಕದಿದ್ದುದರ ಆಸೆ ಹೆಚ್ಚಿದೆ. ಆ ಯುಗವನ್ನು ಸುವರ್ಣಯುಗವೆಂದು ಕರೆದರೆ ಸರದಿಯಲ್ಲಿ ಕಾದವರನ್ನು ಮರೆತಂತಾಗುತ್ತದೆ.

ಮರೆವಿನ ಮಾತು ಇಲ್ಲಿಗೇ ಮುಗಿಯುವುದಿಲ್ಲ. ವಿಜಯಾ ವಾಹಿನಿ ಸ್ಟುಡಿಯೋ ಇದ್ದ ವಡಪಳನಿಯ ನೆಲದಲ್ಲಿ ಇಂದು ಆಸ್ಪತ್ರೆಯಿದೆ, ಮಾಲ್ ಇದೆ. ಜೆಮಿನಿ ಸ್ಟುಡಿಯೋ ಜನರ ಬಾಯಲ್ಲಿ ಒಂದು ಮೇಲ್ಸೇತುವೆಯ ಹೆಸರಾಗಿ ಉಳಿದಿದೆ. 2010ರಲ್ಲಿ ‘ಮಾಯಾಬಜಾರ್’ ಗಣಕಯಂತ್ರದ ನೆರವಿನಿಂದ ಬಣ್ಣ ತಳೆದು ಮತ್ತೆ ತೆರೆಗೆ ಬಂತು, ಹೊಸಬರೂ ಅದನ್ನು ಮೆಚ್ಚಿದರು. ಚಿತ್ರ ಉಳಿಯಿತು. ಅದನ್ನು ಮಾಡಿದ ಬಡಗಿ, ಬಣ್ಣಗಾರ, ವಿದ್ಯುತ್ ಕೆಲಸಗಾರರ ಕೈಯರಿವನ್ನು ಹಾಗೆ ಮರಳಿ ತರುವ ಗಣಕಯಂತ್ರವಿಲ್ಲ. ಕನ್ನಡದ 1965ರ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ಮಿಸಿದವರೂ ಕೆ.ವಿ. ರೆಡ್ಡಿಯವರೇ. ಆದ್ದರಿಂದ ಈ ನಷ್ಟದಲ್ಲಿ ನಮ್ಮ ಪಾಲೂ ಇದೆ. ಹಳೆಯ ಯಂತ್ರಗಳನ್ನು ತೆರೆಯ ಮೇಲೆ ಕಂಡು ಹಿಗ್ಗುವ ನಾವು, ಅವನ್ನು ಕಟ್ಟಿದ ಹಿರಿಯರಲ್ಲಿ ಇನ್ನೂ ನಮ್ಮ ನಡುವೆ ಇರುವವರ ಅನುಭವಗಳನ್ನು ಕನ್ನಡದಲ್ಲಿ ಬರೆದಿಡುವ ಕೆಲಸಕ್ಕೆ ತೊಡಗಬೇಕು. ಗತಕಾಲಕ್ಕೆ ಕರೆ ಮಾಡುವ ಫೋನು ನಮ್ಮ ಬಳಿಯಿಲ್ಲ. ಆ ಹಿರಿಯರ ಮನೆಗೆ ಮಾಡುವ ಕರೆ ಇಂದಿಗಾದರೆ ತಲುಪೀತು.