ಲೆಕ್ಕಕ್ಕೆ ಸಿಕ್ಕ ತಾಲ್ಲೂಕು, ಸಿಗದ ತಾಂಡಾ

ಹರಪನಹಳ್ಳಿ ಕಡೆಯ ಹಿರಿಯರನ್ನು ನಿಮ್ಮದು ಯಾವ ಜಿಲ್ಲೆ ಎಂದು ಕೇಳಿದರೆ, ‘ಯಾವ ಇಸವಿಯಾಗ?’ ಎಂದು ತಿರುಗಿ ಕೇಳುವ ಹಕ್ಕು ಅವರಿಗಿದೆ. 1997ರ ತನಕ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಊರೂರು ಸುತ್ತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಅಭಿವೃದ್ಧಿ ಯೋಜನೆಯ ಚರಿತ್ರೆ ಬರೆಯಹೊರಟರೆ, ಕಾಲುವೆಗಿಂತ ಮೊದಲು ಗಡಿಗೆರೆಯ ಮಾತೇ ಬರುತ್ತದೆ.

ಮದ್ರಾಸ್ ಆಡಳಿತದ ಕಾಲದಲ್ಲಿ ಬಳ್ಳಾರಿ ಸೀಮೆಗೆ ಯೋಜನೆ ಎಂದರೆ ಬರಪರಿಹಾರ. 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಅಷ್ಟು ಜೋರಾಗಿ ಬಡಿದಿತ್ತು. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರಿಗೆ ಸೇರಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟೆಯೂ ಕೆಲಸಕ್ಕೆ ಬಂತು. ಆದರೆ ಬಲದಂಡೆ ಕಾಲುವೆಗಳು ಹೊಸಪೇಟೆಯಿಂದ ಮೂಡಣಕ್ಕೆ ಹರಿದವು. ಪಡುವಣದ ಈ ತಾಲ್ಲೂಕುಗಳಿರುವುದು ಅಣೆಕಟ್ಟೆಯ ಮೇಲ್ಗಡೆ, ಎತ್ತರದ ನೆಲದಲ್ಲಿ. ಹಡಗಲಿ, ಹಗರಿಬೊಮ್ಮನಹಳ್ಳಿಗಳಿಗೆ ಬಂದದ್ದು ಹಿನ್ನೀರು. ಹೊಲ ಮುಳುಗಿಸಿಕೊಂಡವರು ಒಬ್ಬರು, ಭತ್ತ ಬೆಳೆದವರು ಇನ್ನೊಬ್ಬರು. ಚಿಕ್ಕಹಗರಿಗೆ ಮಾಲವಿಯಲ್ಲಿ ಕಟ್ಟಿದ ಜಲಾಶಯ ಮಳೆಯನ್ನೇ ನಂಬಿ ಕೂತಿತ್ತು.

ಮುಂದಿನ ದಶಕಗಳಲ್ಲಿ ಜಿಲ್ಲೆಯ ಸರಾಸರಿ ಈ ಬಡತನವನ್ನು ಮುಚ್ಚಿಟ್ಟಿತು. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು, ಸಿರುಗುಪ್ಪದ ಭತ್ತ ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಕೂಡ್ಲಿಗಿಯ ಒಣಭೂಮಿಯ ಶೇಂಗಾ ರೈತನೂ ಕಾಗದದ ಮೇಲೆ ಕೊಂಚ ಸ್ಥಿತಿವಂತನಾಗುತ್ತಾನೆ. ಆ ಮುಸುಕನ್ನು ಸರಿಸಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರಲ್ಲಿ ಬಂದ ಅದರ ವರದಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕಿಗೆ ಇಳಿಯಿತು. 35 ಮಾನದಂಡಗಳಿಂದ ಆಗಿನ 175 ತಾಲ್ಲೂಕುಗಳನ್ನು ಅಳೆದು, 114ನ್ನು ಹಿಂದುಳಿದವು ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಕೂಡ್ಲಿಗಿ, ಹರಪನಹಳ್ಳಿ ಆ 39ರಲ್ಲಿದ್ದವು. ಹಡಗಲಿ, ಹಗರಿಬೊಮ್ಮನಹಳ್ಳಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಸಮಿತಿ ಸೂಚಿಸಿತು. ನನ್ನ ಮಟ್ಟಿಗೆ ಆ ಹಣಕ್ಕಿಂತ ದೊಡ್ಡ ಕೊಡುಗೆ ಆ ಪಟ್ಟಿಯೇ. ಅಲ್ಲಿಯವರೆಗೆ ‘ನಮಗೆ ಅನ್ಯಾಯ’ ಎನ್ನುವುದು ವೇದಿಕೆಯ ಭಾಷಣವಾಗಿತ್ತು. ಆಮೇಲೆ ಅದಕ್ಕೆ ಅಂಕಿ ಬಂತು. ಆ ಪಟ್ಟಿಯಲ್ಲೂ ಕೊಟ್ಟೂರು ಇರಲಿಲ್ಲ. ಕೊಟ್ಟೂರೇಶ್ವರನ ತೇರಿಗೆ ನಾಡೆಲ್ಲ ನೆರೆಯುವ ಊರು, ಆದರೆ ಆಗ ಕೂಡ್ಲಿಗಿಯ ಹೊಟ್ಟೆಯೊಳಗಿತ್ತು. ಅದು ತಾಲ್ಲೂಕಾದದ್ದು 2018ರಲ್ಲಿ.

ಇನ್ನೊಂದು ದಾರಿ ಮಂಡಳಿಗಳದ್ದು. ಧರ್ಮಸಿಂಗ್ ಸಮಿತಿಯ ಶಿಫಾರಸಿನ ಬೆನ್ನಿಗೆ 1990ರ ದಶಕದಲ್ಲಿ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿ ಬಂತು. 1800ರಲ್ಲೇ ನಿಜಾಮನ ಕೈಯಿಂದ ಬ್ರಿಟಿಷರಿಗೆ ಹೋಗಿದ್ದ ಬಳ್ಳಾರಿಯೂ ಅದರೊಳಗೆ ಸೇರಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಜಾರಿಯಾದಾಗ ಬಳ್ಳಾರಿಯ ತಾಲ್ಲೂಕುಗಳಿಗೆ ಸ್ಥಳೀಯ ವೃಂದದ ‘ಸಿ’ ಗುಂಪಿನಲ್ಲಿ ಶೇ. 80, ‘ಡಿ’ ಗುಂಪಿನಲ್ಲಿ ಶೇ. 85 ಹುದ್ದೆಗಳ ಮೀಸಲಾತಿ ಸಿಕ್ಕಿತು. ಹರಪನಹಳ್ಳಿ ಅಷ್ಟರಲ್ಲಿ ದಾವಣಗೆರೆಗೆ ಹೋಗಿಯಾಗಿತ್ತು! ಅದೇ ವಿಧಿಯಿಂದ ಹಗರಿಬೊಮ್ಮನಹಳ್ಳಿಯ ಹುಡುಗಿಗೆ ಇದ್ದ ವೈದ್ಯಕೀಯ ಸೀಟಿನ ಅವಕಾಶ, ಪಕ್ಕದ ಹೊಲದಾಚೆಯ ಹರಪನಹಳ್ಳಿ ಹುಡುಗಿಗಿರಲಿಲ್ಲ. ಬಂದ್, ಪಾದಯಾತ್ರೆ, ಧರಣಿ ಶುರುವಾದದ್ದು ಅಲ್ಲಿಂದ. ಶಾಸಕ ಎಂ.ಪಿ. ರವೀಂದ್ರ ಇದಕ್ಕಾಗಿ ಗಟ್ಟಿಯಾಗಿ ಹೋರಾಡಿದರು; ತಾಲ್ಲೂಕು ಬಳ್ಳಾರಿಗೆ ಮರಳಿದ ವರ್ಷವೇ ತೀರಿಕೊಂಡರು. ಈಗ ಉಪವಿಭಾಗಾಧಿಕಾರಿ ಕಚೇರಿಯ ಮುಂದೆ ಶಾಲಾ ದಾಖಲೆಯ ಜೆರಾಕ್ಸ್ ಹಿಡಿದು ನಿಂತ ಹುಡುಗರಿಗೆ ‘ತ್ರೀಸೆವೆಂಟಿಒನ್ ಜೆ’ ಎನ್ನುವುದು ಸಂವಿಧಾನದ ವಿಧಿಯಲ್ಲ, ಒಂದು ಸರ್ಟಿಫಿಕೇಟಿನ ಹೆಸರು.

ನೀರಿನ ಕಡೆ ಕೆಲಸ ತಡವಾಗಿಯಾದರೂ ಸಾಗಿದೆ. ಸಿಂಗಟಾಲೂರು ಏತ ನೀರಾವರಿಯ ಬಲದಂಡೆ ಹಡಗಲಿಗೆ ಬಂತು. ತುಂಗಭದ್ರೆಯಿಂದ ನೀರೆತ್ತಿ ಕೂಡ್ಲಿಗಿ ಸೀಮೆಯ 74 ಕೆರೆ ತುಂಬಿಸುವ ಯೋಜನೆ, ನನಗನಿಸುವಂತೆ, ಇಷ್ಟು ವರ್ಷಗಳಲ್ಲಿ ಈ ನೆಲದ ಗುಣವನ್ನು ನೋಡಿ ಮಾಡಿದ ಮೊದಲ ದೊಡ್ಡ ಯೋಜನೆ. ಕೆರೆ ತುಂಬಿದರೆ ಸುತ್ತಲ ಬೋರ್‌ವೆಲ್ ಉಸಿರಾಡುತ್ತದೆ. ಹೊಸಪೇಟೆ–ಕೊಟ್ಟೂರು–ಹರಿಹರ ಮಾರ್ಗದಲ್ಲಿ 2019ರಲ್ಲಿ ಪ್ರಯಾಣಿಕರ ರೈಲೂ ಓಡಿತು.

ಇಷ್ಟಾದರೂ ಗುಳೆ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ನಸುಕಿಗೆ ಕೂಡ್ಲಿಗಿ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ: ಗೋಣಿಚೀಲದಲ್ಲಿ ಜೋಳ, ಬಕೆಟ್‌ನಲ್ಲಿ ಪಾತ್ರೆ, ಬುಟ್ಟಿಯಲ್ಲಿ ಕೋಳಿ, ನಿದ್ದೆಗಣ್ಣಿನ ಮಕ್ಕಳು. ಕಾಫಿ ತೋಟಕ್ಕೋ, ಕಬ್ಬು ಕಡಿಯಲಿಕ್ಕೋ, ಬೆಂಗಳೂರಿನ ಕಟ್ಟಡಕ್ಕೋ ಹೊರಟ ತಾಂಡಾದ ಮಂದಿ. ತಾಂಡಾದಲ್ಲಿ ಉಳಿಯುವುದು ಮುದುಕರು, ಒಂದೆರಡು ಮೇಕೆ.

ಪ್ರಾದೇಶಿಕ ಅಸಮತೋಲನವನ್ನು ಮತ್ತೊಮ್ಮೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಸಮಿತಿಯನ್ನು ನೇಮಿಸಿತು. ಈಗ ಕೊಟ್ಟೂರೂ ತಾಲ್ಲೂಕೇ, ಅದಕ್ಕೊಂದು ಸಾಲು ಸಿಗಬಹುದು. ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದ ಲೆಕ್ಕ ತಾಂಡಾಕ್ಕೆ ಇಳಿಯಬೇಕಾದರೆ, ಲೆಕ್ಕ ಬರೆಯುವವರು ಯುಗಾದಿಗೆ ಬರಬೇಕು. ಗುಳೆ ಹೋದವರು ಮರಳಿ ಬಾಗಿಲುಗಳ ಬೀಗ ತೆಗೆಯುವುದು ಆಗಲೇ.